ಮ್ಯೂನಿಕ್‌ನಲ್ಲಿ ಆಗದ್ದು ಪ್ರಾಗ್‌ನಲ್ಲಿ ಆಯಿತು

ನಲವತ್ತೊಂದನೆಯ ವಯಸ್ಸಿಗೆ ಬೇರೊಬ್ಬ ಹೆಂಗಸಿನ ಅಂಡ ಪಡೆದು ತಾಯಿಯಾಗುವುದೆಲ್ಲ ಬೇಡ ಎಂದವರು ನಮ್ಮ ಮನೆಯಲ್ಲೇ ನಾಲ್ಕು ಜನ ಇದ್ದರು. ಮಗಳಿಗೆ ಈಗ ಎಂಟು ತಿಂಗಳು, ಅದಕ್ಕೇ ಬರೆಯುತ್ತಿದ್ದೇನೆ.

ಮ್ಯೂನಿಕ್‌ನಲ್ಲಿ ಮೂರು ಸುತ್ತು ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿರಿಸುವ ಚಿಕಿತ್ಸೆ) ಮಾಡಿಸಿಕೊಂಡೆ. ದಂಪತಿಗೆ, ಹೆಂಡತಿಗೆ ನಲವತ್ತು ತುಂಬುವ ತನಕ, ಮೂರು ಸುತ್ತಿನ ಅರ್ಧ ಖರ್ಚನ್ನು ಇಲ್ಲಿ ಜರ್ಮನಿಯ ಕಡ್ಡಾಯ ಆರೋಗ್ಯ ವಿಮೆ ಭರಿಸುತ್ತದೆ. ಆದರೂ ನಮ್ಮ ಕೈಯಿಂದ ಏಳು ಸಾವಿರ ಯೂರೋ ಹತ್ತಿರ ಹೋಯಿತು. ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆಯಲ್ಲಿ ಬಂದದ್ದು ಬರೀ 0.3, ತೀರಾ ಕಡಿಮೆ. ಮೂರನೆಯ ಸಲ ಸಿಕ್ಕಿದ್ದು ಒಂದೇ ಅಂಡ, ಅದೂ ಬಲಿತಿರಲಿಲ್ಲ. ದಾನಿಯ ಅಂಡದ ಮಾತೆತ್ತಿದಾಗ ಡಾಕ್ಟರು ಪೆನ್ನು ಕೆಳಗಿಟ್ಟುಬಿಟ್ಟರು. 1991ರಿಂದ ಜಾರಿಯಲ್ಲಿರುವ ಭ್ರೂಣ ರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಆದರೆ ಶಿಕ್ಷೆ ವೈದ್ಯರಿಗೆ, ಹೆಂಗಸಿಗಲ್ಲ. ಅದನ್ನು ಓದಿದ ರಾತ್ರಿಯೇ ನನಗೆ ದಾರಿ ಕಂಡಿತು.

ಆಸ್ಪತ್ರೆಗಳ ಜಾಹೀರಾತು ಬದಿಗಿಟ್ಟು ಒಂದೊಂದೇ ದೇಶದ ಕಾನೂನು ಓದಿದೆ. ಬೆಂಗಳೂರಿಗೇ ಬಾ ಎಂದು ಅಮ್ಮ ಹಾಸನದಿಂದ ದಿನಾ ಫೋನ್ ಮಾಡುತ್ತಿದ್ದರು. ಭಾರತದ 2021ರ ಕಾಯ್ದೆಯಲ್ಲಿ ದಾನಿ ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ. ದಾನಿಯ ದೇಹಕ್ಕೆ ಅದು ಒಳ್ಳೆಯದೇ. ನನಗೆ ಸಾಲದೇನೋ ಎಂಬ ಭಯ, ರಜೆಯೂ ಇರಲಿಲ್ಲ. ಬ್ರಿಟನ್‌ನಲ್ಲಿ 2005ರ ಏಪ್ರಿಲ್ ನಂತರ ನೋಂದಾಯಿಸಿದ ದಾನಿ ಯಾರೆಂದು ಮಗು ಹದಿನೆಂಟಕ್ಕೆ ತಿಳಿಯಬಹುದು. ನನಗೆ ಮೆಚ್ಚಿಗೆಯಾದದ್ದು ಆ ಕಾನೂನೇ, ಖರ್ಚು ಎಟುಕಲಿಲ್ಲ. ಸ್ಪೇನ್, ಚೆಕ್ ಗಣರಾಜ್ಯ ಎರಡರಲ್ಲೂ ದಾನಿ ಅನಾಮಿಕ. ಇದರ ಮೇಲೆ ಗಂಡನೂ ನಾನೂ ಎರಡು ತಿಂಗಳು ಜಗಳವಾಡಿದೆವು. ಈಗಲೂ ನನ್ನ ಮನಸ್ಸು ಕೊರೆಯುತ್ತದೆ. ಚೆಕ್ ರಾಜಧಾನಿ ಪ್ರಾಗ್‌ಗೆ ರೈಲಿನಲ್ಲಿ ಆರು ಗಂಟೆ, ಖರ್ಚು ಆರು ಸಾವಿರ ಯೂರೋ ಚಿಲ್ಲರೆ, ಚಿಕಿತ್ಸೆ ಪಡೆಯುವ ಹೆಂಗಸಿಗೆ 49 ವರ್ಷದ ಮಿತಿ. ಅದನ್ನೇ ಗಟ್ಟಿ ಮಾಡಿದೆವು.

ಮೊದಲ ಭ್ರೂಣ ನಿಲ್ಲಲಿಲ್ಲ. ಗರ್ಭಕೋಶದ ಒಳಪದರ ಆರೂವರೆ ಮಿಲಿಮೀಟರ್ ದಾಟಿರಲಿಲ್ಲ, ತೆಳುವಾಗಿತ್ತು; ರಜೆ ವ್ಯರ್ಥವಾಗುತ್ತದೆಂದು, ಆಗಲೇ ಭ್ರೂಣ ಇರಿಸಿ ಎಂದು ನಾನೇ ಹಟ ಹಿಡಿದಿದ್ದೆ. ನಡುವೆ ದಾಳಿಂಬೆ ರಸ ಕುಡಿದೆ, ಅಕ್ಯುಪಂಕ್ಚರ್ ಮಾಡಿಸಿದೆ, ನಾನೂರು ಯೂರೋ ದಂಡ. ಎರಡನೆಯ ಸಲ ಪದರ ಎಂಟು ದಾಟುವ ತನಕ ಟಿಕೆಟ್ಟೇ ಕೊಳ್ಳಲಿಲ್ಲ. ಆ ಸ್ಕ್ಯಾನ್‌ಗಳನ್ನು ಮ್ಯೂನಿಕ್‌ನಲ್ಲೇ ಹೇಗೆ ಮಾಡಿಸಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಸಹಾಯ ಮಾಡಿದವರಿಗೆ ತೊಂದರೆಯಾಗಬಾರದು. ಹಿಂದಿರುಗುವ ರೈಲಿನಲ್ಲಿ ಐದು ದಿನದ ಭ್ರೂಣದ ಚಿತ್ರವನ್ನು ಪಾಸ್‌ಪೋರ್ಟಿನೊಳಗಿಟ್ಟು ಆರು ಗಂಟೆಯೂ ಕೈಯಲ್ಲೇ ಹಿಡಿದಿದ್ದೆ. ಗರ್ಭ ನಿಂತಿದೆಯೇ ಎಂದು ತಿಳಿಸುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯಲ್ಲಿ 200ರ ಆಸುಪಾಸು ಬಂತು, ಗರ್ಭ ನಿಂತಿತ್ತು.

ಜರ್ಮನಿಯ ಕಾನೂನಿನಲ್ಲಿ ಹೆತ್ತವಳೇ ತಾಯಿ. ಗೊತ್ತಿದ್ದರೂ ಜನನ ನೋಂದಣಿ ಕಚೇರಿಯಲ್ಲಿ ಎದೆ ಡವಡವ ಎನ್ನುತ್ತಿತ್ತು. ಅಲ್ಲಿದ್ದಾಕೆ ಆಸ್ಪತ್ರೆಯ ಕಾಗದ ನೋಡಿ, ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು.