ಎರಡು ಇಡ್ಲಿಯ ನಡುವೆ ಬಂದ ಪಾರ್ಸೆಲ್

ಮುಂಬೈಯ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿಗೆ ಆರ್ಡರ್ ಆ್ಯಪ್ ಮಾಡಿಕೊಟ್ಟಿದ್ದೆ. ಹದಿನಾಲ್ಕು ಸ್ಕ್ರೀನ್ ಚೆಂದಾಗಿ ಬಿಡಿಸಿ, ನಡುನಡುವೆ ಬಾಣ ಎಳೆದು, ಕೆಲಸ ಮುಗೀತು ಅಂದುಕೊಂಡೆ.

ಭಾನುವಾರ ಬೆಳಿಗ್ಗೆಯ ರಶ್‌ನಲ್ಲಿ ಬಂಡವಾಳ ಬಯಲಾಯಿತು. ಸಪ್ಲೈಯರ್ ಏಳನೇ ಟೇಬಲ್ಲಿಗೆ ಎರಡು ಇಡ್ಲಿ ಒತ್ತಿದ್ದ. ವಡೆ ಒತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಮಸಾಲೆ ದೋಸೆ ಪಾರ್ಸೆಲ್ ಕೇಳಿದರು. ಅದನ್ನು ಮುಗಿಸಿ ಬಂದರೆ ಆ್ಯಪಿನಲ್ಲಿ ಏಳನೇ ಟೇಬಲ್ಲಿನ ಆರ್ಡರೇ ಖಾಲಿ! ಗಲ್ಲಾದಿಂದ ಯಜಮಾನರು, "ಎಂತ ಮಾರಾಯಾ, ನಮ್ಮ ಹುಡುಗನಿಗಿರುವ ನೆನಪೂ ನಿನ್ನ ಮಿಷಿನ್ನಿಗೆ ಇಲ್ವಾ?" ಅಂದರು.

ಮಧ್ಯಾಹ್ನ ಜನ ಕರಗಿದ ಮೇಲೆ ಬಿಲ್ ರೋಲಿನ ಹಿಂಬದಿಯಲ್ಲಿ ಮತ್ತೆ ಬರೆಯಲು ಕೂತೆ. ಈ ಸಲ ಸ್ಕ್ರೀನ್ ಅಲ್ಲ, ಸ್ಥಿತಿಗಳು. ಟೇಬಲ್ಲಿಗೆ ಐದು: ಖಾಲಿ, ಆರ್ಡರ್ ನಡೀತಿದೆ, ಅಡುಗೆಮನೆಗೆ ಹೋಯ್ತು, ಬಿಲ್ ಆಯ್ತು, ದುಡ್ಡು ಬಂತು. ಪ್ರಿಂಟರಿಗೆ ಎರಡು: ಕಾಗದ ಇದೆ, ಇಲ್ಲ. ನೆಟ್ಟಿಗೂ ಎರಡು. ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಬೆರೆಸಿ, ಒಂದೊಂದು ಜೋಡಣೆಗೂ ಒಂದು ಚೌಕ ಬಿಡಿಸಿದರೆ ಐದು ಎರಡಲ ಎರಡಲ, 20 ಚೌಕ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಸ್ಟೇಟ್‌ಚಾರ್ಟ್ ಎಂಬ ಸ್ಥಿತಿ-ನಕ್ಷೆಯ ರೀತಿಯಲ್ಲಿ ಮೂರನ್ನೂ ಅಕ್ಕಪಕ್ಕ ಇಟ್ಟು ನಡುವೆ ಚುಕ್ಕೆಗೆರೆ ಹಾಕಿದರೆ ಒಂಬತ್ತೇ. ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ಅವರಿಗೆ ಹೊಳೆದ ಉಪಾಯ ಇದು. ಲೇಖನದಲ್ಲಿ ವಿವರಿಸಿದ್ದು ಡಿಜಿಟಲ್ ಕೈಗಡಿಯಾರ ಇಟ್ಟುಕೊಂಡು. ಇಡ್ಲಿಗೂ ಸರಿಹೊಂದಿತು.

ಆ ಚುಕ್ಕೆಗೆರೆ ನನ್ನ ಇನ್ನೊಂದು ತಪ್ಪನ್ನೂ ತೋರಿಸಿತು. ಕಾಗದ ಮುಗಿದರೆ ಇಡೀ ಸ್ಕ್ರೀನಿಗೆ ಅಡ್ಡ ಬರುವ ಸೂಚನೆಯ ಡಬ್ಬಿ ಇಟ್ಟಿದ್ದೆ. 'ಓಕೆ' ಒತ್ತುವ ತನಕ ಆರ್ಡರೂ ನಿಲ್ಲುತ್ತಿತ್ತು. ಪ್ರಿಂಟರಿನ ಪಾಡು ಪ್ರಿಂಟರಿಗೆ, ಟೇಬಲ್ಲಿನದು ಟೇಬಲ್ಲಿಗೆ ಅಂದಮೇಲೆ ಅಡ್ಡಗಟ್ಟುವುದು ಯಾಕೆ? ಈಗ ಮೇಲ್ಗಡೆ ಒಂದು ಕೆಂಪು ಪಟ್ಟಿ, ಅಷ್ಟೇ.

ಪಾರ್ಸೆಲ್ ಕಾಟಕ್ಕೂ ಸ್ಟೇಟ್‌ಚಾರ್ಟಿನಲ್ಲೇ ಮದ್ದಿದೆ: ವೃತ್ತದೊಳಗೆ 'ಎಚ್' ಅಕ್ಷರ. ಆರ್ಡರ್ ಚೌಕಕ್ಕೆ ಮರಳಿದರೆ, ಒಳಗೆ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಗೇ ಹೋಗು ಎಂದರ್ಥ. ಆದರೆ ಎಚ್ ನೆನಪಿಡುವುದು ಜಾಗವನ್ನು, ಇಡ್ಲಿಯನ್ನಲ್ಲ. ಇದು ತಿಳಿಯಲು ನನಗೆ ಇನ್ನೊಂದು ದಿನ ಹಿಡಿಯಿತು. ಒತ್ತಿದ ತಿಂಡಿಗಳನ್ನು ಆಯಾ ಟೇಬಲ್ಲಿನ ಹೆಸರಲ್ಲಿ ಬೇರೆಯೇ ಉಳಿಸಬೇಕಾಯಿತು.

ಕಾಗದ ಹಿಡಿದು ಕ್ಯಾಷಿಯರ್ ಎದುರು ಕೂತು ಒಂದೊಂದೇ ಬಾಣ ಓದಿ ಹೇಳಿದೆ. ಅವರು 'ಬಿಲ್ ಆಯ್ತು' ಚೌಕದ ಮೇಲೆ ಬೆರಳಿಟ್ಟು, "ಬಿಲ್ ಕೊಟ್ಟ ಮೇಲೆ ಗಿರಾಕಿ ಇನ್ನೊಂದು ಕಾಫಿ ಅಂದರೆ?" ಎಂದರು. ಅಲ್ಲಿಂದ ಹಿಂದಕ್ಕೆ ಬಾಣವೇ ಇರಲಿಲ್ಲ. ಎಳೆದೆ. ಹಳೇ ಬಿಲ್ ರದ್ದು ಮಾಡುವುದೋ, ಕಾಫಿಗೆ ಬೇರೆ ಬಿಲ್ ಹರಿಯುವುದೋ ಎಂಬುದು ಮಾತ್ರ ಅವರ ಲೆಕ್ಕಿಗರ ಹತ್ತಿರ ಇನ್ನೂ ಬಾಕಿ.