ಉಡುಪಿ–ಮಂಗಳೂರು ಕರಾವಳಿಯ ಬೀಚ್ ರೆಸಾರ್ಟಿನಲ್ಲಿ ತಂಗುವವರಿಗೆ

ರಜೆಗೆ ಕರಾವಳಿಗೆ ಬರುವ ಕುಟುಂಬಗಳು ಕೊಠಡಿಯ ಫೋಟೊ, ಈಜುಕೊಳ, ಬಾಡಿಗೆ ಈ ಮೂರನ್ನು ನೋಡಿ ರೆಸಾರ್ಟಿಗೆ ಮುಂಗಡ ಹಣ ಕಟ್ಟಿಬಿಡುತ್ತವೆ. ಅದಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಆ ರೆಸಾರ್ಟಿನ ಎದುರಿಗಿರುವ ಕಡಲು ಎಂಥದ್ದು, ದಂಡೆ ಎಂಥದ್ದು ಎಂಬುದನ್ನು. ದಕ್ಷಿಣದ ಸೋಮೇಶ್ವರ, ಉಳ್ಳಾಲದಿಂದ ಉತ್ತರದ ಮರವಂತೆ, ಬೈಂದೂರಿನವರೆಗೆ ಕಡಲು ಒಂದೇ ಆದರೂ ಕೆಲವು ಕಿಲೋಮೀಟರಿಗೊಮ್ಮೆ ಅದರ ಸ್ವಭಾವ ಬದಲಾಗುತ್ತದೆ, ಮತ್ತು ಒಂದೇ ಜಾಗದಲ್ಲಿಯೂ ಜನವರಿಯ ಕಡಲು ಜೂನ್ ತಿಂಗಳಲ್ಲಿ ಇರುವುದಿಲ್ಲ. ಇದನ್ನು ತಿಳಿದುಕೊಂಡು ಬಂದವರಿಗೆ ಉಳಿದ ಏರ್ಪಾಡುಗಳು ಕಷ್ಟವಾಗುವುದಿಲ್ಲ.

ರೆಸಾರ್ಟಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು ಎದುರಿಗೆ ಮರಳಿದೆಯೇ, ಕಲ್ಲಿದೆಯೇ ಎಂದು. ಕಡಲ್ಕೊರೆತದ ಹಾವಳಿ ಇರುವ ಉಳ್ಳಾಲ, ಸೋಮೇಶ್ವರ, ಮರವಂತೆ ಮುಂತಾದ ಕಡೆಗಳಲ್ಲಿ ದಂಡೆಗೆ ದೊಡ್ಡ ಬಂಡೆಗಲ್ಲುಗಳನ್ನು ಸುರಿದು ತಡೆಗೋಡೆ ಮಾಡಿದ ಜಾಗಗಳಿವೆ. ಅಂಥಲ್ಲಿ ಬಾಲ್ಕನಿಯಿಂದ ಕಡಲು ಕಣ್ಣ ಮುಂದೆಯೇ ಕಾಣುತ್ತದೆ, ಆದರೆ ಕೆಳಗಿಳಿದು ನೀರಿಗೆ ಕಾಲಿಡಲು ಜಾಗವಿರುವುದಿಲ್ಲ. ಪಾಚಿ ಹಿಡಿದ ಆ ಕಲ್ಲುಗಳ ಮೇಲೆ ಮಕ್ಕಳನ್ನು ಇಳಿಸುವುದಂತೂ ಸಲ್ಲದು. ಎರಡನೆಯದಾಗಿ, ರೆಸಾರ್ಟಿಗೂ ದಂಡೆಗೂ ನಡುವೆ ರಸ್ತೆ ಇದೆಯೇ ಎಂದು ಕೇಳಬೇಕು. ‘ಬೀಚಿಗೆ ಎರಡೇ ನಿಮಿಷ’ ಎಂಬ ಉತ್ತರ ಬಂದರೆ ಅದು ನಡೆದು ಹೋಗುವ ಎರಡು ನಿಮಿಷವೋ ಕಾರಿನಲ್ಲಿ ಹೋಗುವ ಎರಡು ನಿಮಿಷವೋ ಎಂದು ಸಂಕೋಚವಿಲ್ಲದೆ ಮರುಪ್ರಶ್ನೆ ಹಾಕಬೇಕು. ಮೂರನೆಯದು, ಹತ್ತಿರದಲ್ಲಿ ಅಳಿವೆ ಇದೆಯೇ ಎಂಬುದು. ನದಿ ಕಡಲು ಸೇರುವ ಜಾಗದಲ್ಲಿ ನೀರಿನ ಸೆಳೆತ ಬಲವಾಗಿರುತ್ತದೆ ಮತ್ತು ಮರಳಿನ ದಿಬ್ಬಗಳು ಸರಿದಾಡುತ್ತಿರುತ್ತವೆ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆ, ಶಾಂಭವಿ ಮತ್ತು ನಂದಿನಿ ನದಿಗಳು ಸೇರುವ ಸಸಿಹಿತ್ಲು ನೋಡಲು ಬಹಳ ಚೆಂದದ ಜಾಗಗಳು. ಆದರೆ ಅಳಿವೆಯ ಬಾಯಿಯಲ್ಲಿ ನೀರಿಗಿಳಿಯುವುದನ್ನು ಆ ಊರಿನ ಮೀನುಗಾರರೇ ಒಪ್ಪುವುದಿಲ್ಲ.

ಚಿಕ್ಕ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ಮಲ್ಪೆ ಅಥವಾ ಪಡುಬಿದ್ರಿಯ ಆಸುಪಾಸಿನಲ್ಲಿ ಉಳಿಯುವುದು ಉತ್ತಮವೆಂದು ನನ್ನ ಅಭಿಪ್ರಾಯ. ಮಲ್ಪೆಯಲ್ಲಿ ಜೀವರಕ್ಷಕರಿರುತ್ತಾರೆ, ಅಂಗಡಿ, ಶೌಚಾಲಯ ಹತ್ತಿರದಲ್ಲಿವೆ, ಉಡುಪಿ ಪೇಟೆಯ ಆಸ್ಪತ್ರೆಗಳೂ ದೂರವಿಲ್ಲ. ಪಡುಬಿದ್ರಿಯಲ್ಲಿ ಕಾಮಿನಿ ನದಿಗೂ ಕಡಲಿಗೂ ನಡುವೆ ಇರುವ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿತ್ತು. ಆ ಮಾನ್ಯತೆಗೆ ನೀರಿನ ಗುಣಮಟ್ಟ, ಸ್ವಚ್ಛತೆ ಮತ್ತು ಸುರಕ್ಷತೆ ಮೂರನ್ನೂ ನೋಡುತ್ತಾರೆ. ಗದ್ದಲ ಬೇಡವೆನ್ನುವವರಿಗೆ ಮಲ್ಪೆಯ ದಕ್ಷಿಣಕ್ಕೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಪಡುಕೆರೆ ಹಿಡಿಸುತ್ತದೆ. ಕಾಪುವಿನಲ್ಲಿ 1901ರ ದೀಪಸ್ತಂಭವೂ ಬಂಡೆಗಳೂ ಇವೆ. ಭರತ (ಕಡಲಿನ ಉಬ್ಬರ) ಏರುವ ಹೊತ್ತಿಗೆ ಆ ಬಂಡೆಗಳ ತುದಿಯಲ್ಲಿ ನಿಂತು ಫೋಟೊ ತೆಗೆಯುವ ಅಭ್ಯಾಸವನ್ನು ಬಿಡಬೇಕು. ಅಲೆ ಸವಾರಿ (ಸರ್ಫಿಂಗ್) ಕಲಿಯುವ ಆಸೆಯಿದ್ದವರಿಗೆ ಮೂಲ್ಕಿ ಮತ್ತು, ಅಳಿವೆಯ ಬಾಯಿಯನ್ನು ಬಿಟ್ಟು, ಸಸಿಹಿತ್ಲು ಸರಿಯಾದ ಜಾಗ.

ಋತುವಿನ ವಿಷಯದಲ್ಲಿ ಸ್ಪಷ್ಟವಾಗಿರುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರುವರಿಯವರೆಗೆ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಬೆಳಿಗ್ಗೆ ನೆಲದ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆ ಘಟ್ಟದ ಮೇಲಿನವರಿಗೆ ಸುಲಭವಾಗಿ ಒಗ್ಗುವುದಿಲ್ಲ. ಬಿಸಿಲಿಗಿಂತ ಬೆವರು ಕಾಡುತ್ತದೆ. ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ ಕೆಲವೊಮ್ಮೆ ಡಾಂಬರಿನಂಥ ಕಪ್ಪು ಜಿಡ್ಡಿನ ಉಂಡೆಗಳು ದಡಕ್ಕೆ ಬಂದು ಬೀಳುತ್ತವೆ. ಅವು ಹಡಗುಗಳಿಂದಲೋ ತೈಲ ಸೋರಿಕೆಯಿಂದಲೋ ಕಡಲು ಸೇರಿದ ಎಣ್ಣೆ ಗಟ್ಟಿಯಾಗಿ ಆದಂಥವು. ಅಂಗಾಲಿಗೆ ಅಂಟಿಕೊಂಡರೆ ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹತ್ತಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ಕರಗಿ ಬಿಡುತ್ತದೆ. ಕಾಲು ಒರೆಸದೆ ಕೊಠಡಿಗೆ ಬಂದರೆ ಬಿಳಿ ಹಾಸಿನ ಮೇಲೆ ಆ ಕಲೆ ಉಳಿಯುತ್ತದೆ, ಅದರ ಹಣವನ್ನೂ ರೆಸಾರ್ಟಿನವರು ಕೇಳಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಇಳಿಯುತ್ತದೆ. ಮಳೆಯನ್ನೇ ನೋಡಬೇಕೆಂದು ಬರುವವರಿಗೆ ಆ ದಿನಗಳು ನಿಜಕ್ಕೂ ಸೊಗಸು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸೌಪರ್ಣಿಕಾ ನದಿ ತುಂಬಿ ಹರಿಯುತ್ತಿರುವಾಗ ಇನ್ನೊಂದು ಪಕ್ಕ ಕಡಲು ಅಬ್ಬರಿಸುವುದನ್ನು ಕಿಟಕಿಯಿಂದ ನೋಡುವುದಕ್ಕಾಗಿಯೇ ಬರುವವರಿದ್ದಾರೆ. ಆದರೆ ಆಗ ನೀರಿಗಿಳಿಯುವ ಮಾತೇ ಇಲ್ಲ. ಮಲ್ಪೆಯಲ್ಲಿ ದಂಡೆಯುದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚುವುದೂ ಉಂಟು. ಆದ್ದರಿಂದ ಮಳೆಗಾಲದಲ್ಲಿ ಬುಕ್ ಮಾಡುವವರು ಕಡಿಮೆ ದರಕ್ಕೆ ಮರುಳಾಗದೆ, ಬುಕಿಂಗ್ ರದ್ದಾದರೆ ಹಣ ಎಷ್ಟು ವಾಪಸು ಬರುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ವರ್ಷಾಂತ್ಯದ ವಾರ ಮತ್ತು ಸಮವರ್ಷಗಳ ಜನವರಿ 18ರಂದು ನಡೆಯುವ ಉಡುಪಿ ಪರ್ಯಾಯದ ಆಸುಪಾಸಿನ ದಿನಗಳಲ್ಲಿ ಕೊಠಡಿ ಸಿಗುವುದು ಕಷ್ಟ. ಬಹಳ ಮೊದಲೇ ಕಾದಿರಿಸಬೇಕು.

ದರದ ಲೆಕ್ಕದಲ್ಲಿ ಮೂರು ಸಂಕ್ಷಿಪ್ತ ಹೆಸರುಗಳು ಎದುರಾಗುತ್ತವೆ. ಸಿಪಿ ಎಂದರೆ ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿದೆ, ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಊಟ, ಎಪಿ ಎಂದರೆ ಮೂರು ಹೊತ್ತೂ. ಹಗಲು ಹೊತ್ತು ಉಡುಪಿ, ಕಾಪು, ಮಂಗಳೂರು ಸುತ್ತುವ ಯೋಚನೆಯಿದ್ದರೆ ಸಿಪಿ ಸಾಕು. ಪೇಟೆಯ ಹೋಟೆಲುಗಳ ಊಟವನ್ನು ಬಿಟ್ಟು ರೆಸಾರ್ಟಿನ ಬಫೆಗೆ ಮೂರು ಹೊತ್ತೂ ಕಟ್ಟುಬೀಳುವುದರಲ್ಲಿ ಅರ್ಥವಿಲ್ಲ. ಕೊಠಡಿಯ ದರ ದಿನಕ್ಕೆ 7,500 ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಹೀಗಾಗಿ ಆ ಗಡಿಯ ಸ್ವಲ್ಪ ಆಚೆಗಿರುವ ಕೊಠಡಿ ಬಿಲ್ಲಿನಲ್ಲಿ ನಿರೀಕ್ಷೆಗಿಂತ ದುಬಾರಿಯಾಗುತ್ತದೆ. ಹೇಳಿದ ದರ ತೆರಿಗೆ ಸೇರಿಯೋ ಸೇರದೆಯೋ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಎಷ್ಟು ವಯಸ್ಸಿನವರೆಗಿನ ಮಕ್ಕಳಿಗೆ ಉಚಿತ ಎಂಬುದನ್ನು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ತರಿಸಿಕೊಳ್ಳಬೇಕು. ಸೇವಾ ಶುಲ್ಕವನ್ನು ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸೇರಿಸಿದ್ದರೆ ತೆಗೆಯಲು ಹೇಳುವ ಹಕ್ಕು ಗ್ರಾಹಕರಿಗಿದೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟವರು ಬೆಳಗಿನ ಜಾವ ಅಥವಾ ಬೆಳಿಗ್ಗೆ ಬೇಗ ಬಂದಿಳಿಯುತ್ತಾರೆ, ಆದರೆ ರೆಸಾರ್ಟಿನಲ್ಲಿ ಕೊಠಡಿ ಕೊಡುವುದು ಮಧ್ಯಾಹ್ನ 12ಕ್ಕೋ 2ಕ್ಕೋ. ನಿದ್ದೆಗೆಟ್ಟ ಮಕ್ಕಳೊಂದಿಗೆ ಸ್ವಾಗತ ಕೋಣೆಯ ಸೋಫಾದಲ್ಲಿ ಅರ್ಧ ದಿನ ಕಳೆಯುವ ಕಷ್ಟವನ್ನು ಒಂದು ಫೋನ್ ಕರೆ ತಪ್ಪಿಸುತ್ತದೆ. ಹಿಂದಿನ ರಾತ್ರಿ ಖಾಲಿಯಿದ್ದ ಕೊಠಡಿಯನ್ನು ಬೇಗ ಕೊಡುವಿರಾ, ಇಲ್ಲವಾದರೆ ಸ್ನಾನಕ್ಕೆ ಬೇರೆ ಕೋಣೆ ಇದೆಯೇ, ತಿಂಡಿಗೆ ಕೂರಬಹುದೇ ಎಂದು ಮೊದಲೇ ಕೇಳಿದರೆ ಬಹುತೇಕರು ಏನಾದರೊಂದು ವ್ಯವಸ್ಥೆ ಮಾಡುತ್ತಾರೆ. ರೈಲಿನಲ್ಲಿ ಬರುವುದಾದರೆ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸುರತ್ಕಲ್, ಉಡುಪಿ, ಕುಂದಾಪುರಗಳಲ್ಲಿ ನಿಲ್ಲುತ್ತದೆ. ವಯಸ್ಕರೆಲ್ಲರ ಗುರುತಿನ ಚೀಟಿಯೂ ಕೈಯಲ್ಲಿರಲಿ.

ಕೊಠಡಿ ಕೈಗೆ ಬಂದಾಗ ಪೆಟ್ಟಿಗೆ ಬಿಚ್ಚುವ ಮೊದಲು ಐದು ನಿಮಿಷ ಪರೀಕ್ಷಿಸಬೇಕು. ಉಪ್ಪುಗಾಳಿ ಲೋಹವನ್ನು ಬೇಗ ತಿನ್ನುತ್ತದೆ. ಬಾಲ್ಕನಿ ಬಾಗಿಲಿನ ಚಿಲಕ, ಕಿಟಕಿಯ ಕೊಂಡಿ, ಕಂಬಿಕಟ್ಟಿನ ಬುಡ ಇವನ್ನು ಕೈಯಿಂದ ಅಲುಗಾಡಿಸಿ ನೋಡಬೇಕು. ಬಣ್ಣ ಹೊಸದಾಗಿ ಕಂಡರೂ ಬುಡದಲ್ಲಿ ತುಕ್ಕು ಪದರ ಪದರವಾಗಿ ಎದ್ದಿದ್ದರೆ ಆ ಕಂಬಿಗೆ ಯಾರೂ ಒರಗಬಾರದು, ಬೇರೆ ಕೊಠಡಿ ಕೇಳಬೇಕು. ಎಸಿ ತಂಪಾಗುತ್ತಿದೆಯೇ, ಕರೆಂಟು ಹೋದರೆ ಜನರೇಟರಿನಿಂದ ಎಸಿಯೂ ನಡೆಯುತ್ತದೆಯೇ ಅಥವಾ ಫ್ಯಾನ್ ಮಾತ್ರವೇ ಎಂದು ವಿಚಾರಿಸಬೇಕು. ದಂಡೆಯ ಹತ್ತಿರದ ಬಾವಿಗಳಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ನೀರು ಉಪ್ಪಾಗುವುದುಂಟು. ಸೋಪಿಗೆ ನೊರೆ ಬಾರದಿದ್ದರೆ ಕಾರಣ ಅದೇ ಇರಬಹುದು, ಕುಡಿಯಲು ಕ್ಯಾನಿನ ನೀರನ್ನೇ ತರಿಸಿಕೊಳ್ಳುವುದು ಕ್ಷೇಮ. ಸಂಜೆ ಸೊಳ್ಳೆಗಳಿರುವುದರಿಂದ ಕಿಟಕಿಗೆ ಜಾಲರಿ ಇದೆಯೇ ಎಂಬುದನ್ನೂ ನೋಡಬೇಕು. ಮಂಗಳೂರು ಮಲೇರಿಯಾದೊಂದಿಗೆ ಬಹಳ ವರ್ಷ ಹೋರಾಡಿದ ಊರು.

ಈಜುಕೊಳವೆಂದರೆ ಕಡಲಿಗಿಂತ ಸುರಕ್ಷಿತ ಎಂಬ ನಂಬಿಕೆ ಎಲ್ಲರಲ್ಲಿದೆ. 2024ರ ನವೆಂಬರಿನಲ್ಲಿ ಸೋಮೇಶ್ವರ ಸಮೀಪದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಈಜು ಬಾರದವರಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಆಳ ಬದಲಾಗುವ ಕೊಳ ಎಷ್ಟು ಅಪಾಯಕಾರಿ ಎಂಬುದನ್ನು ನಾವು ಇನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಆಳದ ಅಂಕಿ ಅಂಚಿನಲ್ಲಿ ಬರೆದಿದೆಯೇ, ಜೀವರಕ್ಷಕರು ಯಾವ ಹೊತ್ತಿನಲ್ಲಿ ಇರುತ್ತಾರೆ, ತೇಲುವ ಬಳೆ ಎಲ್ಲಿ ತೂಗುಹಾಕಿದೆ ಎಂಬ ಮೂರು ಸಂಗತಿಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಇಳಿಯಬೇಕು. ಜೀವರಕ್ಷಕರಿಲ್ಲದ ಹೊತ್ತಿನಲ್ಲಿ ಈಜು ಬಲ್ಲ ಒಬ್ಬ ಹಿರಿಯರು ಮೊಬೈಲನ್ನು ಬದಿಗಿಟ್ಟು ದಡದಲ್ಲಿ ಕುಳಿತಿರಬೇಕು.

ಇನ್ನು ಕಡಲಿನ ಮಾತು. ಮಲ್ಪೆ, ಪಣಂಬೂರಿನಂಥ ಸಾರ್ವಜನಿಕ ಬೀಚುಗಳಲ್ಲಿ ಜೀವರಕ್ಷಕರಿರುತ್ತಾರೆ. ರೆಸಾರ್ಟಿನ ಎದುರಿನ ನಿರ್ಜನ ದಂಡೆಯಲ್ಲಿ ಅವರಿರುವುದು ಅಪರೂಪ. ಆದ್ದರಿಂದ ಈಜಾಡುವ ಆಸೆಯಿದ್ದರೆ ವಾಹನ ಮಾಡಿಕೊಂಡು ಅಂಥ ಬೀಚಿಗೆ ಹೋಗುವುದೇ ಸರಿ, ರೆಸಾರ್ಟಿನ ಎದುರು ಮೊಣಕಾಲು ನೀರಿಗೆ ಮಿತಿ ಹಾಕಿಕೊಳ್ಳಬೇಕು. ಮುಳುಗುವ ಅವಘಡಗಳಲ್ಲಿ ಹೆಚ್ಚಿನವಕ್ಕೆ ಕಾರಣ ದೊಡ್ಡ ಅಲೆಯಲ್ಲ, ಹಿಂದಕ್ಕೆ ಎಳೆಯುವ ಸೆಳೆತ. ದಡಕ್ಕೆ ಬಂದ ಅಲೆಗಳ ನೀರು ವಾಪಸು ಹೋಗಲು ಮರಳ ದಿಬ್ಬಗಳ ನಡುವಿನ ತಗ್ಗನ್ನು ಹುಡುಕಿಕೊಳ್ಳುತ್ತದೆ ಮತ್ತು ಅಲ್ಲಿ ಕಿರಿದಾದ ಹೊಳೆಯಾಗಿ ಕಡಲಿನತ್ತ ಹರಿಯುತ್ತದೆ. ಎತ್ತರದಲ್ಲಿ ನಿಂತು ಹತ್ತು ನಿಮಿಷ ಗಮನಿಸಿದರೆ ಅದು ಕಾಣಿಸುತ್ತದೆ: ಎರಡೂ ಪಕ್ಕಗಳಲ್ಲಿ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿರುವಾಗ ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರು ಮರಳು ಕದಡಿ ಮಬ್ಬಾಗಿರುತ್ತದೆ, ನೊರೆಯ ತುಣುಕುಗಳು ದಡದಿಂದ ದೂರ ಸಾಗುತ್ತಿರುತ್ತವೆ. ಹೊಸಬರಿಗೆ ಆ ಪಟ್ಟಿಯೇ ಶಾಂತವಾಗಿ ಕಂಡು ಅಲ್ಲಿಯೇ ಮಕ್ಕಳನ್ನು ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ನೇರವಾಗಿ ದಡದ ಕಡೆಗೆ ಈಜಲು ಹೆಣಗಿ ದಣಿಯಬಾರದು. ಮೊದಲು ಮೈ ಸಡಿಲಿಸಿ ತೇಲುತ್ತ ಕೈಯೆತ್ತಿ ಸಹಾಯ ಕೇಳಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ಬಿಟ್ಟ ಮೇಲೆ ಅಲೆಗಳೊಂದಿಗೆ ದಡಕ್ಕೆ ಬರಬೇಕು. ದಡದಲ್ಲಿದ್ದವರು ತಾವೂ ಹಾರಿಬಿಡದೆ ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಹೀಗೆ ತೇಲುವ ಏನನ್ನಾದರೂ ಎಸೆದು, ಮೀನುಗಾರರನ್ನು ಕೂಗಿ, 112ಕ್ಕೆ ಕರೆ ಮಾಡಬೇಕು. ಕುಡಿದವರನ್ನು ನೀರಿನ ಹತ್ತಿರ ಬಿಡಲೇಬಾರದು. ಕತ್ತಲಾದ ಮೇಲೆ ಯಾರೂ ನೀರಿಗಿಳಿಯಬಾರದು.

ಲೋಳೆಮೀನು ತಾಗಿ ಉರಿ ಹತ್ತಿದರೆ ಮರಳಿನಿಂದ ಉಜ್ಜದೆ ಕಡಲ ನೀರಿನಿಂದಲೇ ತೊಳೆದು, ಉರಿ ಹೆಚ್ಚಾದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಊಟದಲ್ಲಿ ಮೀನು ತಿನ್ನುವವರಿಗೆ ಒಂದೆರಡು ಸೂಚನೆಗಳಿವೆ. ಅಂಜಲ್, ಮಾಂಜಿ, ಕಾಣೆಗಳ ಬೆಲೆಯ ಜಾಗದಲ್ಲಿ ಮೆನುವಿನಲ್ಲಿ ‘ಗಾತ್ರಕ್ಕೆ ತಕ್ಕಂತೆ’ ಎಂದಷ್ಟೇ ಇರುತ್ತದೆ. ಹಸಿ ಮೀನನ್ನು ತಟ್ಟೆಯಲ್ಲಿ ತರಿಸಿ ನೋಡಿ, ಬೆಲೆ ಕೇಳಿ, ಆಮೇಲೆ ಮಸಾಲೆ ಹಚ್ಚಲು ಹೇಳಬೇಕು. ಕಣ್ಣು ಉಬ್ಬಿ ಹೊಳೆಯುತ್ತಿದ್ದು ಕಿವಿರು ಕೆಂಪಾಗಿದ್ದರೆ ಮೀನು ತಾಜಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ನಾಡದೋಣಿಯವರು ತಂದ ಮೀನನ್ನು ಬಿಟ್ಟರೆ ಹೆಚ್ಚಿನದು ಐಸಿನಲ್ಲಿಟ್ಟದ್ದು. ದೊಡ್ಡ ಮೀನಿಗಿಂತ ಬಂಗುಡೆ ಪುಳಿಮುಂಚಿಯೂ ನೀರುದೋಸೆಯೂ ಅಗ್ಗ, ಮತ್ತು ಊರಿನ ರುಚಿ ಅದರಲ್ಲೇ ಹೆಚ್ಚು. ಸಸ್ಯಾಹಾರಿಗಳು ಒಂದು ಹೊತ್ತಾದರೂ ಉಡುಪಿ ರಥಬೀದಿಯ ಕಡೆಗೆ ಹೋಗಿ ಬರುವುದು ಒಳ್ಳೆಯದು.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದರೆ ಬಿಸಿಲೇರುವ ಮೊದಲೇ ಮಲ್ಪೆಯಿಂದ ಹೊರಡಬೇಕು. ಅಲ್ಲಿನ ಕಂಬದಾಕಾರದ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ರೂಪುಗೊಂಡವು, ಅವುಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಸ್ಥಾನವಿದೆ. ದಡದ ತುಂಬ ಚೂಪಾದ ಚಿಪ್ಪುಗಳಿರುವುದರಿಂದ ಕಾಲಿಗೆ ಪಟ್ಟಿಯಿರುವ ಚಪ್ಪಲಿ ಬೇಕು.

ದಂಡೆ ಮೀನುಗಾರರ ಕೆಲಸದ ಜಾಗವೂ ಹೌದು ಎಂಬುದನ್ನು ನೆನಪಿಟ್ಟುಕೊಂಡರೆ ಅವರಿಗೂ ನಮಗೂ ಹಿತ. ಬೆಳಿಗ್ಗೆ ಕೈರಂಪಣಿ ಬಲೆಯನ್ನು (ದಡದಲ್ಲಿ ನಿಂತೇ ಹಗ್ಗ ಹಿಡಿದು ಎಳೆಯುವ ಬಲೆ) ಎಳೆಯುವುದು ಕಂಡರೆ ಹಗ್ಗ ದಾಟದೆ ಪಕ್ಕದಲ್ಲಿ ನಿಂತು ನೋಡಬಹುದು. ಒಣಹಾಕಿದ ಬಲೆಯನ್ನು ತುಳಿಯುವುದು, ದೋಣಿ ಹತ್ತಿ ಫೋಟೊ ತೆಗೆಯುವುದು ತಪ್ಪು. ಚಳಿಗಾಲದ ರಾತ್ರಿಗಳಲ್ಲಿ ಈ ಕರಾವಳಿಯ ಕೆಲವು ದಂಡೆಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಆ ಹೊತ್ತಿನಲ್ಲಿ ದಂಡೆಯ ಕಡೆಗೆ ಟಾರ್ಚು ಬಿಡಬಾರದು, ಬಾಲ್ಕನಿಯ ದೀಪ ಆರಿಸಬೇಕು, ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವಂತೆ ರೆಸಾರ್ಟಿನವರಿಗೆ ಹೇಳಬೇಕು.

ಹೊರಡುವ ದಿನ ಕೊಠಡಿ ಬಿಡಬೇಕಾದದ್ದು 10 ಅಥವಾ 11 ಗಂಟೆಗೆ, ಬಸ್ಸು ರಾತ್ರಿಗೆ. ಸಾಮಾನು ಇಟ್ಟುಕೊಳ್ಳಲು ಮತ್ತು ಸಂಜೆ ಸ್ನಾನಕ್ಕೆ ಅವಕಾಶ ಕೊಡುವಿರಾ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು. ಬಿಲ್ಲನ್ನು ರಾತ್ರಿಯೇ ತರಿಸಿ ಓದಿದರೆ ಬೆಳಗಿನ ಅವಸರದಲ್ಲಿ ವಾದಕ್ಕೆ ನಿಲ್ಲುವ ಪ್ರಸಂಗ ಬರುವುದಿಲ್ಲ. ಕಡಲ ನೀರಿನಲ್ಲಿ ನೆಂದ ಬಟ್ಟೆ, ಚಪ್ಪಲಿ, ಮಕ್ಕಳ ಆಟಿಕೆಗಳನ್ನು ಸಿಹಿನೀರಿನಲ್ಲಿ ಒಮ್ಮೆ ಜಾಲಿಸಿ ಆರಿಸಿದ ಮೇಲೆಯೇ ಪೆಟ್ಟಿಗೆಗೆ ಹಾಕಬೇಕು. ಕ್ಯಾಮೆರಾ ಮತ್ತು ಮೊಬೈಲುಗಳನ್ನು ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿಟ್ಟರೆ ಉಪ್ಪು ಒಳಗೆ ಇಳಿಯುವುದಿಲ್ಲ.