ಎಂಟು ಲೋಟ ಕಾಫಿ, ಹತ್ತು ಶಾಫ್ಟ್

ಪುಣೆಯ ಭೋಸರಿಯಲ್ಲಿ, ಶಾಫ್ಟ್ (ಯಂತ್ರಗಳಿಗೆ ಹಾಕುವ ಉಕ್ಕಿನ ದಂಡ) ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ಗುಣಮಟ್ಟ ತಪಾಸಣೆಯ ಕೆಲಸ. ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯುವುದು ಕೈಗೆ ಕೂತಿತ್ತು. ಆದರೆ ಮಧ್ಯಾಹ್ನದ ಶಾಫ್ಟ್‌ಗಳು ಬೆಳಗಿನವಕ್ಕಿಂತ ದಪ್ಪ ಎಂದು ಮೇಲಿನವರಿಗೆ ಒಪ್ಪಿಸಲು ಸಂಖ್ಯಾಶಾಸ್ತ್ರ ಬೇಕಾಯಿತು. ಸೂತ್ರಗಳನ್ನು ಬದಿಗಿಟ್ಟು ಎಣಿಕೆಯಿಂದಲೇ ಶುರುಮಾಡಿದೆ.

ಕಪ್ಪಿಗೆ ಸುರಿದದ್ದು ಹಾಲು ಮೊದಲೋ ಚಹಾ ಮೊದಲೋ ಎಂದು ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಗೆ ಎಂಟು ಕಪ್ ಕೊಟ್ಟು ನೋಡುವ ಪರೀಕ್ಷೆಯನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ವಿವರಿಸಿದ್ದ. ನಮ್ಮ ಮನೆಯಲ್ಲಿ ಹಾಸನದ ಅತ್ತಿಗೆ ಇದ್ದಾರಲ್ಲ! ಚಿಕೋರಿ ಬೆರೆತ ಕಾಫಿಯನ್ನು ಒಂದೇ ಗುಟುಕಿಗೆ ಗುರುತಿಸುತ್ತೇನೆ ಎನ್ನುವುದು ಅವರ ಪಂಥ. ಎಂಟು ಲೋಟಗಳಲ್ಲಿ ನಾಲ್ಕಕ್ಕೆ ಚಿಕೋರಿ. "ಆ ನಾಲ್ಕನ್ನು ಆರಿಸಿ ಅತ್ತಿಗೆ" ಎಂದೆ. ಮೂರು ಸರಿಯಾದವು, ಒಂದು ತಪ್ಪಿತು. "ಹಾಲು ಸುರಿದು ಕೆಡಿಸಿದ್ದೀಯ ಕಣೋ" ಎಂದು ಗದರಿದರು.

ಶೂನ್ಯ ಪ್ರಾಕ್ಕಲ್ಪನೆ, ಅಂದರೆ ಲೆಕ್ಕಕ್ಕಾಗಿ ಮೊದಲು ಒಪ್ಪಿಕೊಳ್ಳುವ 'ವಿಶೇಷವೇನೂ ಇಲ್ಲ' ಎಂಬ ಮಾತು, ಇಷ್ಟೇ: ಅತ್ತಿಗೆ ಬರಿದೇ ಊಹಿಸುತ್ತಿದ್ದಾರೆ. ಎಂಟರಲ್ಲಿ ನಾಲ್ಕನ್ನು 70 ರೀತಿಯಲ್ಲಿ ಆರಿಸಬಹುದು. ನಾಲ್ಕೂ ಸರಿಯಾಗುವುದು ಒಂದರಲ್ಲಿ, ಮೂರು ಸರಿಯಾಗುವುದು 16ರಲ್ಲಿ. ಊಹೆಯಿಂದಲೇ ಇಷ್ಟು ಅಥವಾ ಇದಕ್ಕಿಂತ ಚೆನ್ನಾಗಿ ಆರಿಸುವ ಸಂಭವ 17/70, ಸುಮಾರು 0.24. ಪಿ-ಮೌಲ್ಯ ಅಂದರೆ ಇದೇ. ಅತ್ತಿಗೆ ಊಹಿಸಿದ್ದಾರೆ ಎನ್ನಲು ಶೇ. 24ರಷ್ಟು ಅವಕಾಶವಿದೆ ಎಂದು ಇದರರ್ಥವಲ್ಲ; ಊಹೆಯನ್ನು ಒಪ್ಪಿಕೊಂಡೇ ಈ ಲೆಕ್ಕ ಹಾಕಿದ್ದು. ಅವರಿಗೆ ರುಚಿ ತಿಳಿಯದು ಎಂದೂ ಇದರಿಂದ ಸಾಬೀತಾಗುವುದಿಲ್ಲ. ಎಂಟು ಲೋಟದ ಪುರಾವೆ ಸಾಲದು, ಅಷ್ಟೆ. ನಾಲ್ಕೂ ಸರಿಯಾಗಿದ್ದರೆ 1/70, ಅಂದರೆ 0.014, ರೂಢಿಯ 0.05ಕ್ಕಿಂತ ಕಡಿಮೆ. ಆ 0.05 ಕೂಡ ಬಳಕೆಯಿಂದ ಬಂದ ಗೆರೆಯೇ ಹೊರತು ಪ್ರಕೃತಿ ನಿಯಮವಲ್ಲ.

ಶಾಫ್ಟ್‌ಗಳಿಗೆ ಬೇಕಾದದ್ದು ಸಹಸಂಬಂಧ, ಅಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎನ್ನುವುದು; ಅದಕ್ಕೂ ಇದೇ ಉಪಾಯ ಹೂಡಿದೆ. ಹತ್ತು ಶಾಫ್ಟ್‌ಗಳ ವ್ಯಾಸ ಒಂದು ಸಾಲಿನಲ್ಲಿ, ಆಯಾ ಹೊತ್ತಿನ ಶೆಡ್ಡಿನ ಉಷ್ಣಾಂಶ ಚೀಟಿಗಳಲ್ಲಿ. ಚೀಟಿಗಳನ್ನು ಕಲಸಿ ಹೇಗೆಂದರೆ ಹಾಗೆ ಜೋಡಿಸಿ, ಪ್ರತಿ ಬಾರಿಯೂ ಸಹಸಂಬಂಧ ಗುಣಾಂಕ (ನಂಟಿಲ್ಲದಿದ್ದರೆ 0, ಪೂರ್ತಿ ಒಟ್ಟಿಗೆ ಏರಿದರೆ 1) ಲೆಕ್ಕಹಾಕಿದೆ. ನಂಟೇ ಇಲ್ಲದ ಜೋಡಿಗಳಲ್ಲೂ 0.3, 0.4 ಸಲೀಸಾಗಿ ಬರುತ್ತಿದ್ದವು! ಸಂಖ್ಯಾಶಾಸ್ತ್ರದ ಕೋಷ್ಟಕ ಹೇಳುವುದೂ ಅದನ್ನೇ: ಅದೇ 0.05ರ ಗೆರೆಗೆ, ಹತ್ತು ಜೋಡಿಗಳಿದ್ದರೆ ಗುಣಾಂಕ 0.632 ದಾಟಬೇಕು, ಸಾವಿರವಿದ್ದರೆ 0.062 ದಾಟಿದರೆ ಸಾಕು. ಆದರೆ ಒಂದರ ಏರಿಳಿತದಲ್ಲಿ ಇನ್ನೊಂದರಿಂದ ವಿವರಿಸಬಹುದಾದ ಪಾಲು ಗುಣಾಂಕದ ವರ್ಗದಷ್ಟು; 0.062ರ ವರ್ಗ 0.004ರಷ್ಟೂ ಇಲ್ಲ. ಗೆರೆ ದಾಟಿದ ನಂಟು ಕಾರ್ಖಾನೆಯ ಲೆಕ್ಕಕ್ಕೆ ನಗಣ್ಯವಾಗಿರಬಹುದು.

ನನ್ನ ಹತ್ತು ಜೋಡಿಗಳು 0.632ನ್ನು ಆರಾಮಾಗಿ ದಾಟಿದವು. "ಬಿಸಿಲಿಗೆ ಉಕ್ಕು ಹಿಗ್ಗುತ್ತದೆ" ಎಂದರು ಮೇಲ್ವಿಚಾರಕರು. ನಿಜವೇ, ಆದರೆ ಎಷ್ಟು? 25 ಮಿ.ಮೀ. ಉಕ್ಕು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹಿಗ್ಗುವುದು ಸುಮಾರು 3 ಮೈಕ್ರಾನ್, ಅಂದರೆ 0.003 ಮಿ.ಮೀ. ನನ್ನ ಅಳತೆಗಳಲ್ಲಿ ವ್ಯತ್ಯಾಸ ಅದರ ಹಲವು ಪಟ್ಟಿತ್ತು. ಬೆಳಗಿನಿಂದ ಮಧ್ಯಾಹ್ನಕ್ಕೆ ಏರುವುದು ಬಿಸಿಯೊಂದೇ ಅಲ್ಲ, ಲೇತಿನ ಇನ್ಸರ್ಟ್ (ಉಕ್ಕನ್ನು ಕಡೆಯುವ, ಬದಲಾಯಿಸಬಹುದಾದ ಅಲಗು) ಕೂಡ ಸವೆಯುತ್ತದೆ. ಅಂಚು ಸವೆದಷ್ಟೂ ಕಡೆತ ಕಡಿಮೆಯಾಗಿ ಶಾಫ್ಟ್ ದಪ್ಪ. ಎರಡನ್ನೂ ಬೇರ್ಪಡಿಸಲು ಮಟಮಟ ಮಧ್ಯಾಹ್ನವೇ ಹೊಸ ಇನ್ಸರ್ಟ್ ಹಾಕಿಸಿದೆ. ಶೆಡ್ಡಿನ ಬಿಸಿ ಇದ್ದಷ್ಟೇ ಇತ್ತು. ವ್ಯಾಸ ಮಾತ್ರ ಬೆಳಗಿನ ಮಟ್ಟದ ಹತ್ತಿರಕ್ಕೆ ಇಳಿಯಿತು. ಈಗ ತಪಾಸಣೆಯ ಹಾಳೆಯಲ್ಲಿ, ಒಂದು ಇನ್ಸರ್ಟ್‌ನಿಂದ ಎಷ್ಟು ಶಾಫ್ಟ್ ಕಡೆದಾಯಿತು ಎಂದು ಬರೆಯಲು ಬೇರೆಯೇ ಕಾಲಂ ಇದೆ.